ಕೀರ್ ಹಾರ್ಡಿ

ಆಗಸ್ಟ್ ತಿಂಗಳ ಹದಿನೈದನೆಯ ದಿನವನ್ನು ಭಾರತೀಯರಿಗೆ ಯಾರೂ ನೆನಪು ಮಾಡಿಕೊಡಬೇಕಾಗಿಲ್ಲ. ೧೯೪೭ನೆಯ ಇಸವಿಯ ಆ ದಿನ ಈ ದೇಶದ ಅಧಿಕಾರವು ನಮ್ಮ ಕೈಸೇರಿತು. ಅದಕ್ಕೆ ಬೇಕಾದ ಕಾಯಿದೆಯನ್ನು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ತಂದುದು ಅಲ್ಲಿನ ಕಾರ್ಮಿಕ ಪಕ್ಷದ ಮಂತ್ರಿಮಂಡಲ. ಆ ಪಕ್ಷವನ್ನು ಕಟ್ಟಿದವರಲ್ಲಿ ಅಗ್ರಗಣ್ಯನೆನಿಸಿದ ಜೇಮ್ಸ್ ಕೀರ್ ಹಾರ್ಡಿಯು ಹುಟ್ಟಿದುದೂ ಆಗಸ್ಟ್ ಹದಿನೈದರಂದೇ, ಆದರೆ ೧೮೫೬ರಲ್ಲಿ. ತಾರೀಖುಗಳು ಹೀಗೆ ಕೂಡಿಬಂದುದು ಕೇವಲ ಆಕಸ್ಮಿಕವಾದರೂ, ಭಾರತಕ್ಕೆ ಸ್ವರಾಜ್ಯವು ಸಲ್ಲತಕ್ಕದ್ದೆಂದು ೧೯೦೭ರಲ್ಲಿ ನಮ್ಮ ನೆಲದ ಮೇಲೆಯೇ ನಿಂತು ಹೇಳಿ, ತನ್ನ ದೇಶದ ಪತ್ರಿಕೆಗಳಿಂದ ಬಾಯಿತುಂಬ ಬೈಸಿಕೊಂಡ ಮನುಷ್ಯನೂ ಅವನೇ ಎಂಬುದು ಆಕಸ್ಮಿಕವಲ್ಲ. ಆ ಮಾತು ಅವನ ಜೀವನದ ಕಸುಬಿನಿಂದಲೇ ಹುಟ್ಟಿ ಬಂದುದು. ಆ ಕಸುಬು ಕೂಲಿಕಾರರನ್ನು ಒಟ್ಟುಗೂಡಿಸುವುದು.

ಸ್ಕಾಟ್ಲೆಂಡಿನ ಲ್ಯಾನರ್ಕ್‌ಷೈರ್ ಪ್ರಾಂತದಲ್ಲಿ, ಒಂದೇ ಕೋಣೆಯ ಬಡಮನೆಯೊಂದರಲ್ಲಿ ಅವನ ಜನನವಾಯಿತು. ತಾಯಿ ಮೇರಿ ಕೀರ್ ಹೊಲಮನೆಗಳಲ್ಲಿ ಚಾಕರಿ ಮಾಡುತ್ತಿದ್ದ ಹೆಣ್ಣುಮಗಳು. ಮಗುವಿನ ತಂದೆ ಆಕೆಯನ್ನು ಕೈಹಿಡಿಯಲಿಲ್ಲ. ಕೆಲವು ವರ್ಷಗಳ ತರುವಾಯ ಡೇವಿಡ್ ಹಾರ್ಡಿಯೆಂಬ ಹಡಗಿನ ಬಡಗಿಯು ಆಕೆಯನ್ನು ಮದುವೆಯಾದನು. ತಾಯಿಯ ಮನೆತನದ ಹೆಸರೊಂದು, ಮಲತಂದೆಯ ಮನೆತನದ ಹೆಸರೊಂದು ಕೂಡಿ ಹುಡುಗನು ಕೀರ್ ಹಾರ್ಡಿಯಾದನು. ಸಂಸಾರವು ಗ್ಲಾಸ್ಗೋ ನಗರಕ್ಕೆ ಬಂದು, ಹಡಗು ಕಟ್ಟುವ ಕಾರ್ಖಾನೆಗಳನ್ನು ನಂಬಿ ಬಾಳತೊಡಗಿತು. ಶಾಲೆಯ ಓದು ಹುಡುಗನ ಹಣೆಯಲ್ಲಿ ಬರೆದಿರಲಿಲ್ಲ. ಏಳೆಂಟು ವರ್ಷದವನಿರುವಾಗಲೇ ಅವನು ಕೂಲಿಗೆ ನಿಂತನು. ಅಕ್ಷರವನ್ನು ಕಲಿಸಿದವರು ರಾತ್ರಿಯ ಹೊತ್ತು ತಾಯಿತಂದೆಗಳೇ.

೧೮೬೬ರಲ್ಲಿ ಕ್ಲೈಡ್ ನದಿಯ ದಡದ ಹಡಗಿನ ಕಾರ್ಖಾನೆಗಳ ಯಜಮಾನರು ಸಂಘಕ್ಕೆ ಸೇರಿದ ಕೆಲಸಗಾರರನ್ನೆಲ್ಲ ಹೊರಗಟ್ಟಿ ಬಾಗಿಲು ಮುಚ್ಚಿದರು. ತಿಂಗಳುಗಟ್ಟಲೆ ಬಾಗಿಲು ತೆರೆಯಲಿಲ್ಲ. ಮಲತಂದೆಗೆ ಸಂಪಾದನೆಯಿಲ್ಲ, ಮನೆಯ ಸಾಮಾನುಗಳು ಒಂದೊಂದಾಗಿ ಮಾರಾಟವಾದವು. ಒಬ್ಬ ತಮ್ಮನು ಜ್ವರದಿಂದ ಮಲಗಿದ್ದನು; ತಾಯಿ ತುಂಬು ಗರ್ಭಿಣಿ. ರೊಟ್ಟಿಯಂಗಡಿಯೊಂದರಲ್ಲಿ ದಿನಕ್ಕೆ ಹನ್ನೆರಡು ಗಂಟೆಗೂ ಮೀರಿ ದುಡಿದು ಹುಡುಗನು ತರುತ್ತಿದ್ದ ವಾರದ ಕೆಲವು ಷಿಲ್ಲಿಂಗುಗಳೇ ಇಡೀ ಮನೆಗೆ ಆಧಾರ. ರಾತ್ರಿಯೆಲ್ಲ ರೋಗಿಯ ಬಳಿ ಎಚ್ಚರವಿದ್ದು, ಬೆಳಿಗ್ಗೆ ಮಳೆಯಲ್ಲಿ ನೆನೆಯುತ್ತ ಬರಿಹೊಟ್ಟೆಯಲ್ಲಿ ಓಡಿದರೂ ಎರಡು ಸಲ ಅವನಿಗೆ ಹೊತ್ತಾಯಿತು. ಎರಡನೆಯ ಸಲ ಅವನನ್ನು ಯಜಮಾನನ ಮಾಳಿಗೆಯ ಮನೆಗೆ ಕರೆಸಿದರು. ಯಜಮಾನನು ದೈವಭಕ್ತನೆಂದು ಹೆಸರಾದವನು. ಪ್ರಾರ್ಥನೆ ಮುಗಿಯುವವರೆಗೆ ಹುಡುಗನು ಬಾಗಿಲ ಹೊರಗೆ ಕಾಯಬೇಕಾಯಿತು. ಪ್ರಾರ್ಥನೆಯಾಯಿತು, ಹುಡುಗನನ್ನು ಒಳಗೆ ಬಿಟ್ಟರು. ಮೇಜಿನ ತುಂಬ ತಿಂಡಿತೀರ್ಥ, ಸುತ್ತಲೂ ಮನೆಮಂದಿ. ಅವರೆಲ್ಲರ ಮುಂದೆ ಯಜಮಾನನು ಅವನನ್ನು ಕೆಲಸದಿಂದ ತೆಗೆದುಹಾಕಿ, ಬರಬೇಕಾಗಿದ್ದ ಕೂಲಿಯನ್ನೂ ಜುಲ್ಮಾನೆಯೆಂದು ಮುರಿದುಕೊಂಡನು. ಹುಡುಗನು ಬರಿಗೈಯಲ್ಲಿ ಮನೆಗೆ ಹೋಗಲಾರದೆ ಸಂಜೆಯವರೆಗೆ ಬೀದಿ ಅಲೆದನು. ಈ ಸಂಗತಿಯನ್ನು ಹಾರ್ಡಿಯು ಮುಂದೆ ತಾನೇ ಬರೆದಿಟ್ಟಿದ್ದಾನೆ. ಅವನು ಕ್ರಿಸ್ತಭಕ್ತನಾಗಿಯೇ ಬಾಳಿದನು. ಆದರೆ ಧರ್ಮದ ಸೋಗನ್ನು ಕಂಡರೆ ಅವನಿಗೆ ಕೊನೆಯವರೆಗೂ ಮೈ ಉರಿಯುತ್ತಿದ್ದುದೇಕೆಂಬುದು ಇದರಿಂದ ತಿಳಿಯುತ್ತದೆ.

ಮಲತಂದೆ ಮರಳಿ ಹಡಗು ಹತ್ತಿದನು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಗಣಿಗಳ ಸೀಮೆಗೆ ಬಂದಳು. ಹತ್ತು ವರ್ಷದ ಹಾರ್ಡಿಯು ಕಲ್ಲಿದ್ದಲಿನ ಗಣಿಗೆ ಇಳಿದನು. ನೆಲದಡಿಯಲ್ಲಿ ಗಾಳಿಯ ಹರಿವನ್ನು ನಿಯಮಿಸುವುದಕ್ಕಾಗಿ ಇಟ್ಟ ಮರದ ಬಾಗಿಲನ್ನು ಬಂಡಿ ಬಂದಾಗ ತೆರೆಯುವುದು, ಹೋದಮೇಲೆ ಮುಚ್ಚುವುದು: ಇದು ಅವನ ಕೆಲಸ. ದಿನಕ್ಕೆ ಹತ್ತು ಗಂಟೆ, ಕತ್ತಲೆಯಲ್ಲಿ, ಒಬ್ಬನೇ. ಚಳಿಗಾಲದಲ್ಲಿ ಭಾನುವಾರದ ಹೊರತು ಸೂರ್ಯನ ಮುಖ ಕಾಣುವಂತಿರಲಿಲ್ಲ. ಆ ಕತ್ತಲೆಯಲ್ಲಿಯೇ ಅವನ ವಿದ್ಯಾಭ್ಯಾಸ ನಡೆಯಿತು. ದೀಪದ ಹೊಗೆಯಿಂದ ಕಪ್ಪುಮಾಡಿದ ಕಲ್ಲಿನ ಮೇಲೆ ಸೂಜಿಯ ಮೊನೆಯಿಂದ ಗೀಚಿ ಗೀಚಿ ಶೀಘ್ರಲಿಪಿಯನ್ನು ಕಲಿತನೆಂದು ಅವನ ಚರಿತ್ರಕಾರರು ಹೇಳುತ್ತಾರೆ. ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಅವನು ಕಲ್ಲಿದ್ದಲು ಕಡಿಯುವುದರಲ್ಲಿ ನುರಿತ ಆಳು. ಸಂಜೆಯ ಪಾಠಶಾಲೆಗೆ ಹೋಗಿ ಓದಿದವನು. ಮದ್ಯಪಾನ ನಿಷೇಧದ ಸಭೆಗಳಲ್ಲಿ ಎದ್ದು ನಿಂತು ಮಾತನಾಡುವ ಅಭ್ಯಾಸ ಮಾಡಿಕೊಂಡವನು. ಗಣಿಗಾರನ ಕೂಲಿಯು ಮನೆ ಸೇರುವ ಮುನ್ನ ಹೆಂಡದಂಗಡಿ ಸೇರುವುದನ್ನು ಕಂಡು ಅವನು ಆ ವ್ರತವನ್ನು ಹಿಡಿದನು, ಕಡೆಯವರೆಗೂ ಬಿಡಲಿಲ್ಲ.

ಮಾತು ಬಲ್ಲವನನ್ನು ಗಣಿಗಾರರು ತಮ್ಮ ಮುಂದಾಳಾಗಿ ಮಾಡಿಕೊಂಡರು. ಯಜಮಾನರು ಅದಕ್ಕೆ ತಕ್ಕ ಉತ್ತರವನ್ನು ಕೊಟ್ಟರು. ೧೮೭೯ರಲ್ಲಿ ಹಾರ್ಡಿಯನ್ನೂ ಅವನ ತಮ್ಮಂದಿರನ್ನೂ ಗಣಿಯಿಂದ ಹೊರಹಾಕಿದರು. ಸುತ್ತಲಿನ ಗಣಿಗಳಲ್ಲಿಯೂ ಅವನ ಹೆಸರು ಕಪ್ಪುಪಟ್ಟಿಗೆ ಬಿದ್ದಿತು. ಅದೇ ವರ್ಷ ಅವನು ಲಿಲ್ಲಿ ವಿಲ್ಸನ್ ಎಂಬವಳನ್ನು ಮದುವೆಯಾದನು. ಕೆಲಸ ಹೋದ ವರ್ಷವೇ ಗೃಹಸ್ಥನಾದವನಿಗೆ ಸಂಘದ ಕಾರ್ಯದರ್ಶಿತ್ವವೇ ಜೀವನೋಪಾಯವಾಯಿತು. ಅದರಿಂದ ಬರುವ ಹಣವೋ ಅತ್ಯಲ್ಪ. ೧೮೮೦ರಲ್ಲಿ ಲ್ಯಾನರ್ಕ್‌ಷೈರಿನಲ್ಲಿ ನಡೆದ ಮುಷ್ಕರದಲ್ಲಿ ಅವನ ಮನೆಯೇ ಗಂಜಿಕೇಂದ್ರವಾಯಿತು. ಮುಷ್ಕರವು ಸೋತಿತು. ಅಲ್ಲಿಂದ ಏರ್‌ಷೈರ್ ಪ್ರಾಂತದ ಕಮ್ನಕ್ ಎಂಬ ಊರಿಗೆ ಹೋದನು. ಅಲ್ಲಿಯೂ ಮುಷ್ಕರ, ಅಲ್ಲಿಯೂ ಹತ್ತು ವಾರಗಳ ಹಸಿವು, ಅಲ್ಲಿಯೂ ಸೋಲು. ಆದರೆ ಆ ಊರು ಅವನ ಮನೆಯಾಗಿ ಉಳಿಯಿತು. ಸ್ಥಳೀಯ ಪತ್ರಿಕೆಗೆ ಬರೆದು ಹೊಟ್ಟೆ ಹೊರೆದುಕೊಳ್ಳುತ್ತ, ಗಣಿಯಿಂದ ಗಣಿಗೆ ನಡೆದು, ೧೮೮೬ರಲ್ಲಿ ಏರ್‌ಷೈರಿನ ಗಣಿಗಾರರ ಸಂಘವನ್ನು ನೆಲೆಗೊಳಿಸಿದನು. ಮರುವರ್ಷ ಗಣಿಗಾರರಿಗಾಗಿ ಸ್ವಂತದ್ದೊಂದು ಮಾಸಪತ್ರಿಕೆಯನ್ನೂ ಹೊರಡಿಸಿದನು.

ಈ ಸ್ಥಳದಲ್ಲಿ ಅಂದಿನ ರಾಜಕೀಯದ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ಬ್ರಿಟನ್ನಿನಲ್ಲಿ ಕಾರ್ಮಿಕ ಸಂಘಗಳು ಹೊಸವಲ್ಲ. ಅವುಗಳ ವಾರ್ಷಿಕ ಮಹಾಸಭೆಯು ೧೮೬೮ರಿಂದಲೇ ಕೂಡುತ್ತಿದ್ದಿತು. ಪಟ್ಟಣದ ಅನೇಕ ಕೆಲಸಗಾರರಿಗೆ ೧೮೬೭ರ ಕಾಯಿದೆಯಿಂದ ಮತದಾನದ ಹಕ್ಕು ಬಂದಿದ್ದಿತು. ಹಳ್ಳಿಗಾಡಿನ ಗಣಿಗಾರರಿಗೆ ೧೮೮೪ರಲ್ಲಿ. ೧೮೭೪ರಲ್ಲಿಯೇ ಇಬ್ಬರು ಗಣಿಗಾರರ ಮುಖಂಡರು ಪಾರ್ಲಿಮೆಂಟನ್ನು ಪ್ರವೇಶಿಸಿದ್ದರು. ಆದರೆ ಅವರೂ ಅವರ ಹಿಂದೆ ಬಂದವರೂ ಲಿಬರಲ್ ಪಕ್ಷದ ಆಶ್ರಯದಲ್ಲಿ ಕುಳಿತವರು. ಆ ಪಕ್ಷದ ಬೊಕ್ಕಸವನ್ನು ತುಂಬುವವರು ಗಣಿಗಳ ಮತ್ತು ಗಿರಣಿಗಳ ಒಡೆಯರು. ಸೋಮವಾರದಿಂದ ಶನಿವಾರದವರೆಗೆ ಯಾವ ಒಡೆಯನ ವಿರುದ್ಧ ಕೂಲಿಗಾಗಿ ಹೋರಾಡುವೆವೋ, ಚುನಾವಣೆಯ ದಿನ ಅವನಿಗೇ ಮತ ಹಾಕುವುದು ಯಾವ ನ್ಯಾಯವೆಂದು ಹಾರ್ಡಿಯು ಕೇಳತೊಡಗಿದನು. ಅವನೂ ಮೊದಮೊದಲು ಲಿಬರಲನೇ. ಎರಡು ಮುಷ್ಕರಗಳ ಸೋಲು, ಪೋಲೀಸಿನವರ ಲಾಠಿ, ಎಂಟು ಗಂಟೆಯ ದಿನದ ಮಸೂದೆಯ ಬಗ್ಗೆ ಲಿಬರಲ್ ಮುಖಂಡರ ಉದಾಸೀನ, ಇವುಗಳಿಂದ ಅವನ ಮನಸ್ಸು ತಿರುಗಿತು. ೧೮೮೭ರ ಕಾರ್ಮಿಕ ಮಹಾಸಭೆಯಲ್ಲಿ ಎದ್ದು, ಲಿಬರಲರಿಗೆ ಅಂಟಿಕೊಂಡಿದ್ದ ಹಿರಿಯ ಕಾರ್ಯದರ್ಶಿಗಳನ್ನೇ ಅವನು ಖಂಡಿಸಿದಾಗ, ಸಭೆಯ ವೃದ್ಧರು ಈ ಹುಡುಗನಾರೆಂದು ಹುಬ್ಬೇರಿಸಿದರು.

೧೮೮೮ರ ಏಪ್ರಿಲಿನಲ್ಲಿ ಮಿಡ್ ಲ್ಯಾನರ್ಕ್ ಕ್ಷೇತ್ರದಲ್ಲಿ ಉಪಚುನಾವಣೆ ಬಂದಿತು. ಗಣಿಗಾರರೇ ಹೆಚ್ಚಾಗಿರುವ ಆ ಕ್ಷೇತ್ರಕ್ಕೆ ಲಿಬರಲ್ ಪಕ್ಷವು ಗಣಿಗಾರನನ್ನು ನಿಲ್ಲಿಸಲಿಲ್ಲ; ಹೊರಗಿನ ವಕೀಲನೊಬ್ಬನನ್ನು ತಂದಿತು. ಹಾರ್ಡಿಯು ಸ್ವತಂತ್ರ ಕಾರ್ಮಿಕ ಉಮೇದುವಾರನಾಗಿ ನಿಂತನು. ಅವನನ್ನು ಹಿಂದೆಗೆಸುವುದಕ್ಕೆ ದೊಡ್ಡವರ ಸಂಧಾನ ನಡೆಯಿತು. ಈ ಸಲ ಸರಿದು ನಿಂತರೆ ಮುಂದಿನ ಚುನಾವಣೆಯಲ್ಲಿ ಸೋಲಿನ ಭಯವಿಲ್ಲದ ಒಂದು ಸ್ಥಾನ, ಅದರೊಡನೆ ವರ್ಷಕ್ಕೆ ೩೦೦ ಪೌಂಡುಗಳ ವೇತನ. ಪಾರ್ಲಿಮೆಂಟಿನ ಸದಸ್ಯರಿಗೆ ಸರಕಾರದಿಂದ ಬಿಡಿಕಾಸೂ ಸಿಗದಿದ್ದ ಕಾಲವದು. ಸಂಘದ ಕಾರ್ಯದರ್ಶಿಯಾಗಿ ಹಾರ್ಡಿಗೆ ದೊರೆಯುತ್ತಿದ್ದುದು ಇದರ ಕಾಲುಭಾಗ. ಅವನು ಒಪ್ಪಲಿಲ್ಲ. ಏಳು ಸಾವಿರಕ್ಕೂ ಮೀರಿ ಚಲಾವಣೆಯಾದ ಮತಗಳಲ್ಲಿ ಅವನಿಗೆ ಬಿದ್ದವು ೬೧೭. ನಗೆಗೀಡಾಗಬೇಕಾದ ಸಂಖ್ಯೆ, ಅನೇಕರು ನಕ್ಕರು ಸಹ. ಆದರೆ ಕಾರ್ಮಿಕ ಪಕ್ಷದ ಇತಿಹಾಸವನ್ನು ಬರೆಯುವವರು ಲಕ್ಷಗಟ್ಟಲೆ ಮತಗಳ ಚುನಾವಣೆಗಳನ್ನು ಬಿಟ್ಟು ಈ ೬೧೭ರಿಂದಲೇ ಆರಂಭಿಸುವುದು ವಾಡಿಕೆಯಾಗಿದೆ. ಆ ವರ್ಷದ ಆಗಸ್ಟಿನಲ್ಲಿಯೇ ಸ್ಕಾಟ್ಲೆಂಡಿನ ಕಾರ್ಮಿಕ ಪಕ್ಷವು ಸ್ಥಾಪಿತವಾಯಿತು. ಅದಕ್ಕೆ ಹಾರ್ಡಿ ಕಾರ್ಯದರ್ಶಿ.

೧೮೯೨ರಲ್ಲಿ ಲಂಡನ್ನಿನ ಪೂರ್ವಕ್ಕಿರುವ ವೆಸ್ಟ್ ಹ್ಯಾಮ್ ಸೌತ್ ಕ್ಷೇತ್ರದಿಂದ ೧,೨೩೨ ಮತಗಳ ಅಂತರದಲ್ಲಿ ಗೆದ್ದು ಅವನು ಕಾಮನ್ಸ್ ಸಭೆಗೆ ಬಂದನು. ಆ ಸಭೆಗೆ ಉದ್ದನೆಯ ಕರಿಯ ಅಂಗಿ ತೊಟ್ಟು, ರೇಷ್ಮೆಯ ಎತ್ತರದ ಟೊಪ್ಪಿಗೆಯಿಟ್ಟು ಬರುವುದು ಸಂಪ್ರದಾಯ. ಹಾರ್ಡಿಯು ಒರಟು ಉಣ್ಣೆಯ ಉಡುಪಿನಲ್ಲಿ, ಬಟ್ಟೆಯ ಟೊಪ್ಪಿಗೆಯಲ್ಲಿ ಬಂದನು. ಅಭಿಮಾನಿಗಳು ಬಾಡಿಗೆಯ ಗಾಡಿ ಹೂಡಿ, ತುತ್ತೂರಿ ಊದಿಸಿಕೊಂಡು ಅವನನ್ನು ಕರೆತಂದರು. ಬಾಗಿಲಿನಲ್ಲಿದ್ದ ಪೋಲೀಸಿನವನು, ಮಾಡಿನ ರಿಪೇರಿಗೆ ಬಂದ ಆಳಿರಬಹುದೆಂದು ಅವನನ್ನು ತಡೆದನೆಂದು ಒಂದು ಕಥೆಯುಂಟು. ನಿಜವೋ ಸುಳ್ಳೋ, ಪತ್ರಿಕೆಗಳಿಗೆ ಹಲವು ದಿನಗಳ ವಿನೋದ ದೊರೆಯಿತು. ರಾಜಧಾನಿಯಲ್ಲಿ ವೇಷವನ್ನು ನೋಡಿ ಮನುಷ್ಯನನ್ನು ಅಳೆಯುವವರಿಗೆ ಯಾವ ದೇಶದಲ್ಲಿಯೂ ಕೊರತೆಯಿಲ್ಲ. ಸುಮಾರು ನಾಲ್ವತ್ತು ವರ್ಷಗಳ ತರುವಾಯ ಮೊಣಕಾಲು ಮುಚ್ಚದ ಪಂಚೆಯನ್ನುಟ್ಟು ಲಂಡನ್ನಿಗೆ ಹೋದ ನಮ್ಮ ಮಹಾತ್ಮರಿಗೂ ಇದೇ ಉಪಚಾರವಾಯಿತು. ಹಾರ್ಡಿಯ ಟೊಪ್ಪಿಗೆಯ ಬಗ್ಗೆ ಬರೆದಷ್ಟನ್ನು ಆ ಪತ್ರಿಕೆಗಳು ಅವನ ಪ್ರಶ್ನೆಗಳ ಬಗ್ಗೆ ಬರೆಯಲಿಲ್ಲ. ಅವನು ಹಗಲಿರುಳು ಕೇಳುತ್ತಿದ್ದ ಪ್ರಶ್ನೆಯೊಂದೇ: ಕೆಲಸವಿಲ್ಲದೆ ಬೀದಿಯಲ್ಲಿ ನಿಂತವರಿಗೆ ಸರಕಾರವು ಏನು ಮಾಡುತ್ತದೆ? ಸಭೆಯಲ್ಲಿ ಅವನಿಗೆ ನಿರುದ್ಯೋಗಿಗಳ ಪ್ರತಿನಿಧಿಯೆಂಬ ಹೆಸರೇ ಬಿದ್ದಿತು.

೧೮೯೪ನೆಯ ಇಸವಿಯ ಜೂನ್ ೨೩ರಂದು ದಕ್ಷಿಣ ವೇಲ್ಸಿನ ಸಿಲ್ಫಿನಿಥ್ ಎಂಬಲ್ಲಿನ ಆಲ್ಬಿಯನ್ ಗಣಿಯಲ್ಲಿ ಸ್ಫೋಟವಾಗಿ ೨೯೦ ಮಂದಿ ಗಂಡಸರೂ ಹುಡುಗರೂ ಸತ್ತರು. ಅದೇ ದಿನ ರಾಜಮನೆತನದಲ್ಲಿ ಒಂದು ಗಂಡು ಮಗು ಹುಟ್ಟಿತು. ಮರುದಿನ ಫ್ರಾನ್ಸಿನ ಅಧ್ಯಕ್ಷ ಕಾರ್ನೋ ಎಂಬವನು ಹಂತಕನ ಕೈಯಿಂದ ಇರಿತಕ್ಕೊಳಗಾಗಿ ತೀರಿಕೊಂಡನು. ಪಾರ್ಲಿಮೆಂಟು ಫ್ರಾನ್ಸಿಗೆ ದುಃಖವನ್ನು ಸೂಚಿಸಿತು. ಅರಮನೆಗೆ ಸಂತೋಷವನ್ನು ಸೂಚಿಸಲು ಸಿದ್ಧವಾಯಿತು. ಗಣಿಗಾರರ ವಿಧವೆಯರಿಗೂ ಅನಾಥ ಮಕ್ಕಳಿಗೂ ಒಂದು ಸಂತಾಪದ ಮಾತನ್ನು ಇದರೊಡನೆ ಸೇರಿಸಬೇಕೆಂದು ಹಾರ್ಡಿಯು ಬೇಡಿದನು. ಅದಕ್ಕೆ ಅವಕಾಶ ದೊರೆಯಲಿಲ್ಲ. ಆಗ ಅವನು ಎದ್ದುನಿಂತು, ಆ ಮಗುವಿನ ಜನನದಲ್ಲಿ ದೇಶವು ಹಿಗ್ಗಬೇಕಾದ ಕಾರಣವೇನೆಂದು ಕೇಳಿ, ಅದು ಬೆಳೆಯುವ ಬಗೆ, ಅದರ ಸುತ್ತ ನೆರೆಯುವ ಹೊಗಳುಭಟ್ಟರು, ಅದರ ವಿದೇಶ ಸಂಚಾರ, ಒಪ್ಪದ ಮದುವೆಯ ಗುಸುಗುಸು, ಕೊನೆಗೆ ಪ್ರಜೆಗಳ ತಲೆಗೆ ಬರುವ ಖರ್ಚು, ಎಲ್ಲವನ್ನೂ ಸಭೆಯ ಮುಂದಿಟ್ಟನು. ಸಭೆಯು ಕೂಗಿ ಗದ್ದಲವೆಬ್ಬಿಸಿತು. ಅವನು ಮಾತು ಮುಗಿಸಿದ ಮೇಲೆಯೇ ಕುಳಿತನು. ಒಬ್ಬನಾದರೂ ಅವನ ಪಕ್ಕದಲ್ಲಿ ನಿಲ್ಲಲಿಲ್ಲ. ಆ ಮಗುವೇ ಎಂಟನೆಯ ಎಡ್ವರ್ಡ್ ಎಂದು ಪಟ್ಟವೇರಿ, ೧೯೩೬ರಲ್ಲಿ ಮದುವೆಯ ಕಾರಣದಿಂದಲೇ ಸಿಂಹಾಸನವನ್ನು ತೊರೆದುದು ವಾಚಕರಿಗೆ ತಿಳಿದ ಸಂಗತಿ. ಹಾರ್ಡಿಯನ್ನು ಭವಿಷ್ಯಜ್ಞನೆಂದು ಹೊಗಳುವುದಕ್ಕಾಗಿ ನಾವು ಇದನ್ನು ಹೇಳುತ್ತಿಲ್ಲ. ಅಂದು ಅವನ ಮನಸ್ಸಿನಲ್ಲಿದ್ದುದು ರಾಜಕುಮಾರನಲ್ಲ, ಆ ೨೯೦ ಹೆಣಗಳು. ದಕ್ಷಿಣ ವೇಲ್ಸಿನ ಗಣಿಗಾರರು ಆ ದಿನವನ್ನು ಮರೆಯಲಿಲ್ಲ.

ಒಬ್ಬನು ಎಷ್ಟು ಕೂಗಿದರೂ ಒಬ್ಬನೇ. ಅದನ್ನು ಬಲ್ಲ ಹಾರ್ಡಿಯು ೧೮೯೩ರ ಜನವರಿಯಲ್ಲಿಯೇ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಸುಮಾರು ೧೨೦ ಪ್ರತಿನಿಧಿಗಳ ಸಭೆಯ ಅಧ್ಯಕ್ಷತೆ ವಹಿಸಿ ಸ್ವತಂತ್ರ ಕಾರ್ಮಿಕ ಪಕ್ಷವನ್ನು ಕಟ್ಟಿದ್ದನು. ೧೮೯೫ರ ಚುನಾವಣೆಯಲ್ಲಿ ಆ ಪಕ್ಷದ ೨೮ ಉಮೇದುವಾರರೂ ಸೋತರು, ಹಾರ್ಡಿಯೂ ಸೋತನು. ಸಮಾಜವಾದದ ಹೆಸರನ್ನು ಹೊತ್ತ ಚಿಕ್ಕ ಪಕ್ಷಕ್ಕೆ ಹಣವಿಲ್ಲ, ಆಳುಗಳಿಲ್ಲ. ಅವೆರಡೂ ಇದ್ದುದು ಕಾರ್ಮಿಕ ಸಂಘಗಳ ಹತ್ತಿರ. ಆ ಸಂಘಗಳಿಗೋ ಸಮಾಜವಾದವೆಂದರೆ ಅಂಜಿಕೆ. ಇವೆರಡನ್ನೂ ಒಂದು ನೊಗಕ್ಕೆ ಹೂಡುವುದು ಹೇಗೆ? ಹಾರ್ಡಿಯ ಜಾಣತನವು ಇಲ್ಲಿ ಕಾಣುತ್ತದೆ. ಸಂಘಗಳು ಸಮಾಜವಾದವನ್ನು ಒಪ್ಪಬೇಕೆಂದು ಅವನು ಹಟ ಹಿಡಿಯಲಿಲ್ಲ. ಪಾರ್ಲಿಮೆಂಟಿನಲ್ಲಿ ಕೂಲಿಕಾರರದೇ ಆದ ಪ್ರತ್ಯೇಕ ಗುಂಪೊಂದು ಇರಬೇಕು, ಅದು ತನ್ನ ನಡೆಯನ್ನು ತಾನೇ ನಿರ್ಧರಿಸಬೇಕು, ಇಷ್ಟನ್ನು ಒಪ್ಪಿದರೆ ಸಾಕೆಂದನು. ೧೯೦೦ರ ಫೆಬ್ರವರಿ ೨೭ರಂದು ಲಂಡನ್ನಿನ ಮೆಮೋರಿಯಲ್ ಹಾಲಿನಲ್ಲಿ ೧೨೯ ಪ್ರತಿನಿಧಿಗಳು ಕೂಡಿ ಈ ತಳಹದಿಯ ಮೇಲೆ ಕಾರ್ಮಿಕ ಪ್ರಾತಿನಿಧ್ಯ ಸಮಿತಿಯನ್ನು ಸ್ಥಾಪಿಸಿದರು. ರಾಮ್ಸೆ ಮ್ಯಾಕ್‌ಡೊನಾಲ್ಡ್ ಅದರ ಕಾರ್ಯದರ್ಶಿ. ಆ ವರ್ಷದ ಚುನಾವಣೆಯಲ್ಲಿ ಸಮಿತಿಯ ಕಡೆಯಿಂದ ಗೆದ್ದವರು ಇಬ್ಬರೇ, ಒಬ್ಬನು ಹಾರ್ಡಿ. ಅವನನ್ನು ಆರಿಸಿ ಕಳಿಸಿದುದು ದಕ್ಷಿಣ ವೇಲ್ಸಿನ ಗಣಿಗಳ ನಡುವಿನ ಮರ್ಥರ್ ಕ್ಷೇತ್ರ. ಬೋಯರ್ ಯುದ್ಧವನ್ನು ಬಹಿರಂಗವಾಗಿ ಖಂಡಿಸುತ್ತ, ದೇಶವೆಲ್ಲ ಯುದ್ಧದ ಅಮಲಿನಲ್ಲಿದ್ದಾಗ ಅವನು ಗೆದ್ದು ಬಂದನು.

ಹಾರ್ಡಿಯ ಉಪದೇಶಕ್ಕೆ ಕಿವಿಗೊಡದ ಸಂಘಗಳ ಕಣ್ಣು ತೆರೆಸಿದುದು ಒಂದು ನ್ಯಾಯಾಲಯದ ತೀರ್ಪು. ೧೯೦೦ರಲ್ಲಿ ವೇಲ್ಸಿನ ಟಾಫ್ ವೇಲ್ ರೈಲ್ವೆಯ ನೌಕರರು ಮುಷ್ಕರ ಹೂಡಿದರು. ಮುಷ್ಕರದಿಂದಾದ ನಷ್ಟವನ್ನು ಸಂಘವೇ ತುಂಬಿಕೊಡಬೇಕೆಂದು ಕಂಪೆನಿಯು ದಾವೆ ಹೂಡಿತು. ಸಂಘದ ನಿಧಿಯು ಅಂಥ ದಾವೆಗೆ ಗುರಿಯಾಗುವುದೆಂದು ಲಾರ್ಡ್ಸ್ ಸಭೆಯು ೧೯೦೧ರ ಜುಲೈಯಲ್ಲಿ ತೀರ್ಪು ಕೊಟ್ಟಿತು. ನಷ್ಟಪರಿಹಾರವೆಂದು ಸಂಘವು ೨೩,೦೦೦ ಪೌಂಡು ತೆರಬೇಕಾಯಿತು, ಖರ್ಚುವೆಚ್ಚ ಬೇರೆ. ಸರಕಾರಿ ಕಚೇರಿಗಳಲ್ಲಿ ಕಾಯಿದೆಯ ಬಲವನ್ನು ನಿತ್ಯ ಕಾಣುವ ನಮ್ಮ ವಾಚಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಷ್ಕರವು ಅಪರಾಧವೆಂದು ಯಾರೂ ಹೇಳಲಿಲ್ಲ. ಆದರೆ ಮುಷ್ಕರ ಹೂಡಿದ ಸಂಘವು ದಿವಾಳಿಯೇಳುವಂತೆ ಮಾಡಿದರು. ಮುವ್ವತ್ತು ವರ್ಷಗಳಿಂದ ಕಾಯಿದೆಯ ರಕ್ಷಣೆ ತಮಗಿದೆಯೆಂದು ನಂಬಿದ್ದವರಿಗೆ ಆ ರಕ್ಷಣೆಯು ಒಂದೇ ದಿನದಲ್ಲಿ ಕರಗಿಹೋಯಿತು. ಕಾಯಿದೆಯನ್ನು ತಿದ್ದಬೇಕಾದರೆ ಕಾಯಿದೆ ಮಾಡುವ ಸಭೆಯಲ್ಲಿ ಕುಳಿತಿರಬೇಕು. ಹಾರ್ಡಿಯು ಹದಿಮೂರು ವರ್ಷಗಳಿಂದ ಹೇಳುತ್ತ ಬಂದುದು ಇಷ್ಟೇ. ೧೯೦೧ರ ಆರಂಭದಲ್ಲಿ ಸುಮಾರು ೩,೭೫,೦೦೦ ಇದ್ದ ಸಮಿತಿಯ ಸದಸ್ಯರ ಸಂಖ್ಯೆಯು ಎರಡು ವರ್ಷಗಳಲ್ಲಿ ೮,೬೦,೦೦೦ಕ್ಕೆ ಏರಿತು.

೧೯೦೬ರ ಚುನಾವಣೆಯಲ್ಲಿ ಸಮಿತಿಯ ೨೯ ಮಂದಿ ಗೆದ್ದು, ಕಾರ್ಮಿಕ ಪಕ್ಷವೆಂಬ ಹೆಸರನ್ನು ಧರಿಸಿದರು. ಆ ವರ್ಷವೇ ವ್ಯಾಪಾರ ವಿವಾದಗಳ ಕಾಯಿದೆಯು ಅಂಗೀಕಾರವಾಗಿ ಟಾಫ್ ವೇಲ್ ತೀರ್ಪಿನ ಬಾಧೆಯು ನಿವಾರಣೆಯಾಯಿತು. ಕೂಲಿಕಾರರ ಸ್ವತಂತ್ರ ಪಕ್ಷವು ಮಾಡಿದ ಮೊದಲ ದೊಡ್ಡ ಕೆಲಸವಿದು. ಆದರೆ ಒಂದು ಮಾತನ್ನು ಮರೆಮಾಚಬಾರದು. ಆ ೨೯ರಲ್ಲಿ ಬಹುಮಂದಿಯ ಗೆಲುವಿಗೆ ಮ್ಯಾಕ್‌ಡೊನಾಲ್ಡನು ೧೯೦೩ರಲ್ಲಿ ಲಿಬರಲರೊಡನೆ ಗುಟ್ಟಾಗಿ ಮಾಡಿಕೊಂಡ ಒಪ್ಪಂದವು ನೆರವಾಗಿದ್ದಿತು. ಕೆಲವು ಕ್ಷೇತ್ರಗಳಲ್ಲಿ ಪರಸ್ಪರ ಎದುರು ನಿಲ್ಲಬಾರದೆಂಬುದು ಅದರ ಸಾರ. ಹಾರ್ಡಿಗೆ ಅದು ತಿಳಿದಿದ್ದಿತು. ೩೦೦ ಪೌಂಡನ್ನು ಕಾಲಿನಿಂದ ಒದ್ದವನು ಈ ಗುಟ್ಟನ್ನು ನುಂಗಿಕೊಂಡನು. ವ್ಯಕ್ತಿಗೆ ಸಾಧ್ಯವಾದ ನಿಷ್ಠುರತೆಯು ಪಕ್ಷಕ್ಕೆ ಸಾಧ್ಯವಾಗಲಿಲ್ಲವೆಂದು ಅವನ ಪರವಾಗಿ ಹೇಳಬಹುದು. ಇದನ್ನು ಬಹಿರಂಗಪಡಿಸಿದ್ದರೆ ಇನ್ನೂ ಮೇಲಾಗುತ್ತಿದ್ದಿತೆಂಬುದು ನಮ್ಮ ಅಭಿಪ್ರಾಯ.

ಪಾರ್ಲಿಮೆಂಟಿನ ಕಾರ್ಮಿಕ ಪಕ್ಷಕ್ಕೆ ಹಾರ್ಡಿಯೇ ಮೊದಲ ಅಧ್ಯಕ್ಷನಾದನು. ಆದರೆ ಅವನಿಗೆ ದೊರೆತುದು ಒಂದೇ ಮತದ ಬಹುಮತ. ಅಧ್ಯಕ್ಷತೆ ಅವನಿಗೆ ಒಗ್ಗಲಿಲ್ಲ. ಸಮಿತಿಯಲ್ಲಿ ಕುಳಿತು, ನಾಲ್ಕು ಜನರ ಮನಸ್ಸನ್ನು ಹೊಂದಿಸಿ, ಇಂದಿಷ್ಟು ನಾಳೆಯಿಷ್ಟು ಎಂದು ಗಿಟ್ಟಿಸುವ ವಿದ್ಯೆ ಅವನದಲ್ಲ. ಸ್ತ್ರೀಯರಿಗೆ ಮತದಾನದ ಹಕ್ಕು ಸಿಗಬೇಕೆಂಬ ವಿಷಯದಲ್ಲಿ ಸ್ವಪಕ್ಷದವರೊಡನೆಯೇ ಅವನು ಜಗಳವಾಡಿದನು; ೧೯೦೭ರ ಪಕ್ಷದ ಸಭೆಯಲ್ಲಿ ಇದೇ ಕಾರಣಕ್ಕೆ ಪಕ್ಷವನ್ನೇ ಬಿಡುವೆನೆಂದು ಸೂಚಿಸಿದನು. ಜೊತೆಗಾರರಿಗೆ ಅವನು ಹೆಮ್ಮೆಯ ಮುಖಂಡ, ಆದರೆ ಕಷ್ಟದ ಸಹೋದ್ಯೋಗಿ. ಅವರು ಓದಿ ಬೆಳೆದ ಪುಸ್ತಕಗಳಾವುವೆಂದು ೧೯೦೬ರಲ್ಲಿ ಒಂದು ಪತ್ರಿಕೆಯು ಕಾರ್ಮಿಕ ಸದಸ್ಯರನ್ನೆಲ್ಲ ವಿಚಾರಿಸಿದಾಗ ಮಾರ್ಕ್ಸನ ಹೆಸರಿಗಿಂತ ಬೈಬಲಿನ ಮತ್ತು ರಸ್ಕಿನ್ನನ ಹೆಸರೇ ಬಹಳ ಹೆಚ್ಚಾಗಿ ಬಂದಿತು. ಎರಡು ವರ್ಷಗಳ ತರುವಾಯ ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿಯವರು ರಸ್ಕಿನ್ನನ ಗ್ರಂಥವೊಂದರ ಸಾರವನ್ನು ಸರ್ವೋದಯವೆಂದು ಗುಜರಾತಿಗೆ ಇಳಿಸಿದರು.

ಆರೋಗ್ಯವು ಕೆಟ್ಟು, ವೈದ್ಯರ ಸಲಹೆಯ ಮೇರೆಗೆ ಹಾರ್ಡಿಯು ೧೯೦೭ರಲ್ಲಿ ಲೋಕಸಂಚಾರಕ್ಕೆ ಹೊರಟು, ಕೆನಡಾ ಜಪಾನುಗಳನ್ನು ದಾಟಿ ಸೆಪ್ಟೆಂಬರಿನಲ್ಲಿ ಕಲಕತ್ತೆಯಲ್ಲಿ ಇಳಿದನು. ಬಂಗಾಳದ ವಿಭಜನೆಯಾಗಿ ಎರಡು ವರ್ಷ. ಸ್ವದೇಶಿಯ ಚಳವಳಿ ಕಾವೇರಿದ ಕಾಲ. ಲಾಲಾ ಲಜಪತರಾಯರನ್ನು ವಿಚಾರಣೆಯಿಲ್ಲದೆ ಗಡೀಪಾರು ಮಾಡಿದುದು ಆ ವರ್ಷದ ಮೇ ತಿಂಗಳಲ್ಲಿಯೇ. ಹಾರ್ಡಿಯು ಸರಕಾರಿ ಅತಿಥಿಯಾಗಿ ಬಂಗಲೆಗಳಲ್ಲಿ ಇಳಿಯುವುದನ್ನು ಬಿಟ್ಟು, ಪೂರ್ವ ಬಂಗಾಳದ ಬಾರಿಸಾಲದವರೆಗೆ ಹೋಗಿ ಜನರ ಬಾಯಿಂದಲೇ ಸಂಗತಿಗಳನ್ನು ಕೇಳಿದನು. ಪುಣೆಯಲ್ಲಿ ಲೋಕಮಾನ್ಯ ತಿಲಕರನ್ನು ಕಂಡನು. ಕೆನಡಾಕ್ಕೆ ಸಲ್ಲುವ ಸ್ವರಾಜ್ಯವು ಭಾರತಕ್ಕೂ ಸಲ್ಲಬೇಕೆಂಬುದು ಅವನ ಮಾತಿನ ತಿರುಳು. ಅದು ತಂತಿಯ ಮೂಲಕ ಲಂಡನ್ನನ್ನು ಸೇರುವಾಗ ಇನ್ನಷ್ಟು ಖಾರವಾಗಿ ಸೇರಿತು. ಅಲ್ಲಿನ ಪತ್ರಿಕೆಗಳು ಅವನನ್ನು ರಾಜದ್ರೋಹಿಯೆಂದವು. ಸಾಮ್ರಾಜ್ಯಕ್ಕೆ ಕೊಳ್ಳಿ ಇಡುವವನೆಂದವು. ಮರಳಿದ ಮೇಲೆ ಅವನು ಭಾರತದ ಬಗ್ಗೆ ಒಂದು ಪುಸ್ತಕವನ್ನು ೧೯೦೯ರಲ್ಲಿ ಪ್ರಕಟಿಸಿ, ರೈತನ ಮೇಲಿನ ಕಂದಾಯದ ಭಾರವನ್ನೂ, ಉನ್ನತ ಹುದ್ದೆಗಳಿಂದ ಭಾರತೀಯರನ್ನು ದೂರವಿಡುವುದನ್ನೂ, ಬಿಳಿಯರ ದರ್ಪವನ್ನೂ ವಿವರಿಸಿದನು. ಅದೇ ಪ್ರವಾಸದಲ್ಲಿ ಅವನು ದಕ್ಷಿಣ ಆಫ್ರಿಕಕ್ಕೆ ಹೋದಾಗ, ಕರಿಯ ಕೆಲಸಗಾರರನ್ನೂ ಸಂಘಗಳಿಗೆ ಸೇರಿಸಿಕೊಳ್ಳಬೇಕೆಂದು ಹೇಳಿದುದಕ್ಕಾಗಿ ಬಿಳಿಯರ ಗುಂಪುಗಳು ಅವನ ಮೇಲೆ ಏರಿಬಂದವು. ಅವನ ಪಾಲಿಗೆ ಕೂಲಿಕಾರನೆಂದರೆ ಸ್ಕಾಟ್ಲೆಂಡಿನ ಕೂಲಿಕಾರನು ಮಾತ್ರವಲ್ಲ.

ಹಾರ್ಡಿಯು ನಮ್ಮ ದೇಶವನ್ನು ಬಿಟ್ಟ ಮರುವರ್ಷವೇ, ೧೯೦೮ರ ಜುಲೈಯಲ್ಲಿ, ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಯಿತು. ಮುಂಬಯಿಯ ಗಿರಣಿಗಳ ಕೂಲಿಕಾರರು ಶಿಕ್ಷೆಯ ಒಂದೊಂದು ವರ್ಷಕ್ಕೆ ಒಂದೊಂದು ದಿನದಂತೆ ಆರು ದಿನ ಕೆಲಸ ನಿಲ್ಲಿಸಿದರು; ಸೈನ್ಯದ ಗುಂಡಿಗೆ ಕೆಲವರು ಬಲಿಯಾದರು. ಆಗ ಅವರಿಗೆ ಒಂದು ನೆಲೆಯಾದ ಸಂಘವೂ ಇರಲಿಲ್ಲ. ಸಂಘಗಳು ಬಂದುದು ಹತ್ತು ವರ್ಷಗಳ ಮೇಲೆ. ೧೯೧೮ರಲ್ಲಿ ಮದರಾಸಿನ ಪೆರಂಬೂರಿನಲ್ಲಿ ಬಿ. ಪಿ. ವಾಡಿಯಾರವರ ಮುಂದಾಳುತನದಲ್ಲಿ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರು ಮದರಾಸು ಕಾರ್ಮಿಕ ಸಂಘವನ್ನು ಕಟ್ಟಿದರು. ಬೆಂಗಳೂರಿನ ಉಣ್ಣೆ ಹತ್ತಿ ರೇಷ್ಮೆ ಗಿರಣಿಯನ್ನು ನಡೆಸುತ್ತಿದ್ದ ಬಿನ್ನಿ ಕಂಪೆನಿಯೇ ಆ ಗಿರಣಿಗಳನ್ನೂ ನಡೆಸುತ್ತಿದ್ದುದು. ೧೯೨೦ರ ಕೊನೆಯಲ್ಲಿ ಕಂಪೆನಿಯು ಹೈಕೋರ್ಟಿಗೆ ಹೋಗಿ, ವಾಡಿಯಾ ಮತ್ತು ಅವರ ಸಂಗಡಿಗರ ಮೇಲೆ ತಡೆಯಾಜ್ಞೆಯನ್ನು ತಂದು ನಷ್ಟಪರಿಹಾರವನ್ನೂ ಕೇಳಿತು. ಟಾಫ್ ವೇಲ್ ಪ್ರಕರಣವೇ ಕೂವಂ ನದಿಯ ದಡದಲ್ಲಿ ಮತ್ತೆ ಅಭಿನಯವಾದಂತಾಯಿತು. ವಾಡಿಯಾರವರು ಸಂಘದಿಂದ ಹೊರಗೆ ಹೋಗಬೇಕಾಯಿತು. ೧೯೨೧ರ ಮಾರ್ಚಿನಲ್ಲಿ ಎನ್. ಎಂ. ಜೋಷಿಯವರು ಕೇಂದ್ರ ಶಾಸನಸಭೆಯಲ್ಲಿ ಸಂಘಗಳ ರಕ್ಷಣೆಗೆ ಕಾಯಿದೆಯಾಗಬೇಕೆಂದು ನಿರ್ಣಯವನ್ನು ತಂದರು. ಬ್ರಿಟನ್ನಿನಲ್ಲಿ ಐದು ವರ್ಷಗಳಲ್ಲಿ ಆದ ಕೆಲಸವು ನಮ್ಮಲ್ಲಿಯೂ ಐದೇ ವರ್ಷಗಳಲ್ಲಿ ಆಯಿತು. ಕಾರ್ಮಿಕ ಸಂಘಗಳ ಕಾಯಿದೆಯು ೧೯೨೬ರಲ್ಲಿ ಅಂಗೀಕಾರವಾಯಿತು. ಸಂಘದ ನ್ಯಾಯವಾದ ಕೆಲಸಕ್ಕಾಗಿ ಅದರ ಮೇಲೆ ದಾವೆ ಹೂಡಬಾರದೆಂಬ ರಕ್ಷಣೆಯನ್ನು ಅದು ೧೯೦೬ರ ಬ್ರಿಟಿಷ್ ಕಾಯಿದೆಯ ಮಾದರಿಯಲ್ಲಿಯೇ ಕೊಟ್ಟಿತು. ಅದನ್ನು ಕಾಣಲು ಹಾರ್ಡಿಯು ಬದುಕಿರಲಿಲ್ಲ.

ಅವನ ಕೊನೆಯ ವರ್ಷಗಳ ಕಥೆಯು ದುಃಖದ್ದು. ಯುದ್ಧವಾದರೆ ಸಾಯುವವರು ಎರಡು ಕಡೆಯ ಕೂಲಿಕಾರರು. ಆದುದರಿಂದ ಎರಡು ಕಡೆಯ ಕೂಲಿಕಾರರೂ ಒಂದೇ ದಿನ ಕೆಲಸ ನಿಲ್ಲಿಸಿದರೆ ಯುದ್ಧವು ನಿಲ್ಲುವುದೆಂದು ಅವನು ನಂಬಿದ್ದನು. ೧೯೧೦ರಲ್ಲಿ ಕೋಪನ್‌ಹೇಗನ್ನಿನ ಅಂತರರಾಷ್ಟ್ರೀಯ ಸಭೆಯಲ್ಲಿ ಫ್ರಾನ್ಸಿನ ವೈಯಾಂ ಎಂಬವನೊಡನೆ ಕೂಡಿ ಈ ಅರ್ಥದ ಸೂಚನೆಯನ್ನು ತಂದನು. ಸಭೆಯು ಅದನ್ನು ಮುಂದಿನ ವಿಚಾರಕ್ಕೆ ಬಿಟ್ಟಿತು. ೧೯೧೪ರ ಆಗಸ್ಟ್ ೨ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಯುದ್ಧದ ವಿರುದ್ಧ ದೊಡ್ಡ ಸಭೆ ನೆರೆಯಿತು. ಹಾರ್ಡಿ ಅಲ್ಲಿ ಮಾತನಾಡಿದನು. ಎರಡು ದಿನಗಳಲ್ಲಿ ಬ್ರಿಟನ್ ಯುದ್ಧಕ್ಕಿಳಿಯಿತು. ಜರ್ಮನಿಯ ಸಮಾಜವಾದಿಗಳು ತಮ್ಮ ಸರಕಾರದ ಹಿಂದೆ ನಿಂತರು. ಬ್ರಿಟನ್ನಿನ ಕಾರ್ಮಿಕ ಪಕ್ಷದ ಬಹುಮತವೂ ತನ್ನ ಸರಕಾರದ ಹಿಂದೆ ನಿಂತಿತು. ಆಗಸ್ಟ್ ೬ರಂದು ಹಾರ್ಡಿಯು ತನ್ನ ಕ್ಷೇತ್ರದ ಅಬರ್‌ಡೇರ್ ಪಟ್ಟಣದಲ್ಲಿ ಸಭೆ ಕರೆದನು. ಹದಿನಾಲ್ಕು ವರ್ಷಗಳಿಂದ ಅವನನ್ನು ಆರಿಸಿ ಕಳಿಸುತ್ತಿದ್ದ ಜನರು, ಯಾರ ಸತ್ತವರಿಗಾಗಿ ಅವನು ೧೮೯೪ರಲ್ಲಿ ಇಡೀ ಪಾರ್ಲಿಮೆಂಟನ್ನು ಎದುರಿಸಿದ್ದನೋ ಆ ಸೀಮೆಯ ಗಣಿಗಾರರು, ಕೂಗಾಡಿ, ರಾಷ್ಟ್ರಗೀತೆಯನ್ನು ಹಾಡಿ ಅವನ ಮಾತನ್ನು ಅಡಗಿಸಿದರು. ಬೆಂಬಲಿಗರು ಸುತ್ತುಗಟ್ಟಿ ಅವನನ್ನು ಬೀದಿ ದಾಟಿಸಿ ಮನೆ ಸೇರಿಸಬೇಕಾಯಿತು.

ಅವರನ್ನು ದೂಷ್ಯರೆಂದು ನಾವು ಹೇಳಲಾರೆವು. ಅವರ ಮಕ್ಕಳು ಸೈನ್ಯಕ್ಕೆ ಹೆಸರು ಬರೆಸುತ್ತಿದ್ದರು; ಹೋದವರ ಕೈಬಿಡಬಾರದೆಂಬ ಭಾವನೆ ಮನೆಮನೆಯಲ್ಲಿಯೂ ಇದ್ದಿತು. ಆ ಭಾವನೆಯು ಹಾರ್ಡಿಗೂ ಅರ್ಥವಾಗದುದಲ್ಲ. ಆದರೆ ತಾನು ಇಪ್ಪತ್ತೈದು ವರ್ಷ ಕಟ್ಟಿದ ಸಂಘಟನೆಯು ಎಲ್ಲಕ್ಕಿಂತ ಹೆಚ್ಚು ಬೇಕಾದ ವಾರದಲ್ಲಿಯೇ ಕೈಕೊಟ್ಟಿತೆಂಬ ಪೆಟ್ಟಿನಿಂದ ಅವನು ಚೇತರಿಸಿಕೊಳ್ಳಲಿಲ್ಲ. ಪಾರ್ಶ್ವವಾಯು ಬಡಿಯಿತು. ಮಾತು ತಡವರಿಸಿತು, ಬರವಣಿಗೆಯ ಕೈ ನಿಂತಿತು. ೧೯೧೫ರ ಸೆಪ್ಟೆಂಬರ್ ೨೬ರಂದು ಗ್ಲಾಸ್ಗೋ ನಗರದಲ್ಲಿ ಅವನು ತೀರಿಕೊಂಡನು. ವಯಸ್ಸು ಐವತ್ತೊಂಬತ್ತು.

ತೆರವಾದ ಮರ್ಥರ್ ಸ್ಥಾನಕ್ಕೆ ನವೆಂಬರಿನಲ್ಲಿ ಉಪಚುನಾವಣೆ ನಡೆಯಿತು. ಕಾರ್ಮಿಕ ಪಕ್ಷದ ಅಧಿಕೃತ ಉಮೇದುವಾರನನ್ನು ಸೋಲಿಸಿ ಗೆದ್ದವನು ಚಾರ್ಲ್ಸ್ ಸ್ಟಾಂಟನ್. ಅವನೂ ಗಣಿಗಾರರ ಮುಖಂಡನೇ. ಅಬರ್‌ಡೇರಿನಲ್ಲಿ ಹಾರ್ಡಿಯ ಸಭೆಯನ್ನು ಮುರಿದವರ ಮುಂದಾಳು.